ಆಚೆ ದಡ ನೋಡಿಕೊಳ್ಳತಕ್ಕದ್ದು

ನಮ್ಮೂರ ಹೊಳೆಯಲ್ಲಿ ದೋಣಿಪಂದ್ಯ ನೋಡಬೇಕೆಂದು ಬಂದವರು ಯಾರೇ ಆಗಲಿ, ಮೊದಲು ನನ್ನ ಮೇಜಿನ ಮುಂದೆ ನಿಲ್ಲಬೇಕು. ನಾನು ಬೋರಲಿಂಗಯ್ಯ, ಪ್ರೇಕ್ಷಕರ ದೋಣಿಗಳ ಸುರಕ್ಷತಾ ಸಮಿತಿಯ ಕಾರ್ಯದರ್ಶಿ, ಮೂವತ್ತೊಂದು ವರ್ಷದಿಂದ. ಇಷ್ಟು ವರ್ಷದಲ್ಲಿ ಜನ ನನ್ನನ್ನು ಬೈದಷ್ಟು ಊರಿನ ಯಾವ ಪೊಲೀಸನನ್ನೂ ಬೈದಿಲ್ಲ. ಬೈಯಲಿ ಬಿಡಿ. ಬೈಯುವುದಕ್ಕೆ ಬಾಯಿ ಉಳಿದಿದೆಯಲ್ಲ, ಹೊಳೆಯ ತಳ ಸೇರಿಲ್ಲವಲ್ಲ, ಅದಕ್ಕೆ ಕಾರಣ ನಾನು ಬರೆದ ನಿಯಮಗಳೇ.

ನಮ್ಮ ಹೊಳೆಯಲ್ಲಿ ದೋಣಿಯೊಳಗೆ ಕೂತವರು ಎತ್ತ ನೋಡುತ್ತಾರೋ ದೋಣಿ ಅತ್ತ ಹೋಗುತ್ತದೆ. ಪಂದ್ಯದವರಿಗೆ ಇದರಿಂದ ತೊಂದರೆಯಿಲ್ಲ; ಮುಂದೆ ಗುರಿಯ ಕಂಬ ನೋಡುತ್ತಾರೆ, ಹುಟ್ಟು ಹಾಕುತ್ತಾರೆ, ಹೋಗುತ್ತಾರೆ. ತೊಂದರೆಯೆಲ್ಲ ನೋಡಲು ಬಂದವರದು. ದಡದಲ್ಲೇ ನಿಂತು ನೋಡೋಣವೆಂದರೆ ನಮ್ಮ ಕಡೆ ದಡದುದ್ದಕ್ಕೂ ಎರಡಾಳೆತ್ತರದ ಜೊಂಡು, ಏನೂ ಕಾಣುವುದಿಲ್ಲ. ಹಾಗಾಗಿ ಹೊಳೆಯ ನಡುವೆ ದೋಣಿಗಳನ್ನು ಸಾಲಾಗಿ ನಿಲ್ಲಿಸಿ ಅದರಲ್ಲಿ ಕೂತು ನೋಡುವುದು ಮೊದಲಿನಿಂದ ಬಂದದ್ದು. ಜೊಂಡಿಗೂ ಈ ದೋಣಿಸಾಲಿಗೂ ನಡುವೆ ಪಂದ್ಯದ ದಾರಿ. ದೋಣಿಸಾಲಿನ ಬೆನ್ನಿಗೆ ಆಚೆ ದಡ. ಎಲ್ಲರೂ ಪಂದ್ಯವನ್ನೇ ನೋಡಿದರೆ ದೋಣಿಗಳೆಲ್ಲ ಪಂದ್ಯದ ಮೇಲೇ ಏರಿ ಹೋಗುತ್ತವೆ. ನಾನು ಬರುವ ಮೊದಲು ಪ್ರತಿ ವರ್ಷವೂ ಅದೇ ಆಗುತ್ತಿತ್ತು. ಗೆದ್ದವರು ಯಾರೆಂದು ತಿಳಿಯಬೇಕಾದರೆ ನೀರಿಂದ ಎಲ್ಲರನ್ನೂ ಎತ್ತಿ, ಕೆಮ್ಮು ನಿಲ್ಲುವ ತನಕ ಕಾದು, ಆಮೇಲೆ ಕೇಳಬೇಕಾಗಿತ್ತು. ಲಂಗರು ಹಾಕಿಯೂ ನೋಡಿದರಂತೆ. ಜನ ಆಸೆಯಿಂದ ನೋಡಿದರೆ ಹಗ್ಗ ತಡೆಯುತ್ತದೆಯೇ, ಕಿತ್ತುಕೊಂಡು ಬಂತು.

ನಾನು ಕಾರ್ಯದರ್ಶಿಯಾದ ವರ್ಷವೇ ಕೂತು ನಿಯಮ ಬರೆಯತೊಡಗಿದೆ, ಈಗ ಇಪ್ಪತ್ತೆರಡಾಗಿವೆ. ಪ್ರತಿ ದೋಣಿಯಲ್ಲೂ ಸರಿಸಂಖ್ಯೆಯ ಜನ ಇರಬೇಕು. ಅರ್ಧ ಜನ ಈಚೆಮುಖವಾಗಿ ಕೂತು ಪಂದ್ಯ ನೋಡಬೇಕು, ಇನ್ನರ್ಧ ಜನ ಅವರಿಗೆ ಬೆನ್ನು ಕೊಟ್ಟು ಆಚೆಮುಖವಾಗಿ ಕೂರಬೇಕು. ಎರಡೂ ಕಡೆಯ ಎಳೆತ ಸಮವಾದರೆ ದೋಣಿ ಅಲ್ಲಾಡುವುದಿಲ್ಲ. ನಾಲ್ಕನೆಯ ನಿಯಮ ಹೀಗಿದೆ: ಆಚೆಮುಖದವರು ಪಂದ್ಯ ಮುಗಿಯುವ ತನಕ ಆಚೆ ದಡವನ್ನು ನೋಡಿಕೊಳ್ಳತಕ್ಕದ್ದು. ಮೊದಲು ‘ನೋಡತಕ್ಕದ್ದು’ ಎಂದೇ ಬರೆದಿದ್ದೆ. ಯಾಕೋ ಸಪ್ಪೆ ಎನಿಸಿತು. ಸರಕಾರಿ ಕಾಗದದ ತೂಕ ಬರಲಿ ಎಂದು ನಡುವೆ ಒಂದು ‘ಕೊಳ್ಳ’ ಸೇರಿಸಿದೆ. ಈಗಲೂ ದೋಣಿ ಹತ್ತುವ ಘಾಟಿನ ಹಲಗೆಯ ಮೇಲೆ ಹಾಗೇ ಇದೆ.

ಉಳಿದ ನಿಯಮಗಳು ಒಂದೊಂದು ಅನಾಹುತವಾದ ಮೇಲೆ ಹುಟ್ಟಿದವು. ಹೆಂಗಸರು ಹೊಸ ಸೀರೆಯುಟ್ಟು ದೋಣಿ ಹತ್ತಬಾರದು. ಪಕ್ಕದ ದೋಣಿಯವರು ಅಂಚು ನೋಡುತ್ತಾರೆ, ಎರಡು ದೋಣಿಯೂ ಅಂಟಿಕೊಳ್ಳುತ್ತವೆ, ಆಮೇಲೆ ಬಿಡಿಸುವುದು ಯಾರು? ದುರ್ಬೀನು ತಂದವನನ್ನು ನಾಲ್ಕು ಜನ ಎಂದು ಎಣಿಸಬೇಕು. ನಿದ್ದೆ ಹೋದವರು ಲೆಕ್ಕಕ್ಕಿಲ್ಲ. ಹೊಸದಾಗಿ ಮದುವೆಯಾದ ಜೋಡಿಯೂ ಲೆಕ್ಕಕ್ಕಿಲ್ಲ, ಒಬ್ಬರನ್ನೊಬ್ಬರು ನೋಡಿಕೊಂಡು ಕೂತಿರುತ್ತಾರೆ. ಈ ರಿಯಾಯಿತಿ ಆರು ತಿಂಗಳ ಮಟ್ಟಿಗೆ ಮಾತ್ರ. ಚುರುಮುರಿ ಮಾರುವವನು ತನ್ನ ದೋಣಿಯ ಮೇಲೆ ಟಾರ್ಪಾಲು ಹೊದಿಸಿಕೊಂಡೇ ಬರಬೇಕು, ಕೊಳ್ಳುವವರು ಕಣ್ಣು ಮುಚ್ಚಿ ಕೈ ನೀಡಬೇಕು. ಒಂದು ವರ್ಷ ಅವನು ಎಲ್ಲರಿಗೂ ಕಾಣುವ ಹಾಗೆ ಈರುಳ್ಳಿ ಹೆಚ್ಚುತ್ತ ಬಂದ, ಹನ್ನೊಂದು ದೋಣಿ ಒಟ್ಟಿಗೆ ಹೋಗಿ ಅವನಿಗೆ ಗುದ್ದಿದವು. ಮೆಳ್ಳೆಗಣ್ಣಿನ ಈರಭದ್ರಪ್ಪನನ್ನು ಮಾತ್ರ ನಾನು ಯಾವ ನಿಯಮಕ್ಕೂ ಸಿಕ್ಕಿಸಿಲ್ಲ. ಅವನೊಬ್ಬ ಕೂತರೆ ಸಾಕು, ದೋಣಿ ಕಲ್ಲು ಹೂತ ಹಾಗೆ ನಿಲ್ಲುತ್ತದೆ. ದೊಡ್ಡ ಮನುಷ್ಯರ ದೋಣಿಗೆ ಅವನನ್ನು ವರ್ಷಕ್ಕೆ ಮುಂಚೆಯೇ ಗೊತ್ತು ಮಾಡಿರುತ್ತಾರೆ.

ಸಮಿತಿಯ ದೋಣಿ ಚಿಕ್ಕದು, ಇಬ್ಬರದು. ಗುರಿಯ ಕಂಬಕ್ಕಿಂತ ಸ್ವಲ್ಪ ಹಿಂದೆ, ಹೊಳೆ ಬಾಗುವಲ್ಲಿ ನಿಲ್ಲುತ್ತದೆ. ಅದರಲ್ಲಿ ಈಚೆಮುಖವಾಗಿ ಸೀಟಿ ಹಿಡಿದು ನಾನು, ಆಚೆಮುಖವಾಗಿ ನನ್ನ ಹೆಂಡತಿ ಪುಟ್ಟಮ್ಮಣ್ಣಿ. ಮದುವೆಯಾದ ವರ್ಷದಿಂದ ಹೀಗೇ. ಮೊದಲ ಆರು ತಿಂಗಳು ಬಿಟ್ಟರೆ ನಾವಿಬ್ಬರೂ ಹೊಳೆಯಲ್ಲಿ ಮುಖ ನೋಡಿಕೊಂಡವರಲ್ಲ. ಸಂಜೆ ಮನೆಗೆ ಬಂದ ಮೇಲೆ ಯಾರು ಗೆದ್ದರು, ಹೇಗೆ ಗೆದ್ದರು ಎಂದು ನಾನು ಹೇಳುತ್ತಿದ್ದೆ. ಅವಳು ಅಕ್ಕಿ ಆರಿಸುತ್ತ ಹೂಂ ಎನ್ನುತ್ತಿದ್ದಳು. ಅವಳಿಗೆ ಪಂದ್ಯದ ಮೇಲೆ ಆಸೆಯಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಆಸೆಯಿಲ್ಲದವರು ಆಚೆಮುಖಕ್ಕೆ ಸಿಕ್ಕುವುದು ಸುಲಭವಲ್ಲ, ನನ್ನ ಅದೃಷ್ಟ ಎಂದು ಸಮಿತಿಯಲ್ಲಿ ಹೇಳಿಯೂ ಇದ್ದೆ.

ಈ ವರ್ಷ ಮೊದಲ ಬಾರಿಗೆ ಹೆಣ್ಣುಮಕ್ಕಳ ಪಂದ್ಯ ಇಟ್ಟರು. ನಾಲ್ಕು ದೋಣಿ. ನಮ್ಮ ಒಬ್ಬಳೇ ಮಗಳು ಕುಮುದ ಅದರಲ್ಲೊಂದು ದೋಣಿಯ ಮುಂದಾಳು, ಎಲ್ಲರಿಗಿಂತ ಮುಂದೆ ಕೂತು ಹುಟ್ಟಿನ ಲಯ ಕೊಡುವವಳು. ಸಮಿತಿಯ ಅಧ್ಯಕ್ಷರಾದ ಶಾಂತವೀರಪ್ಪನವರಿಗೆ ಇದು ಮೊದಲಿನಿಂದಲೂ ಇಷ್ಟವಿರಲಿಲ್ಲ. “ನೋಡ್ರೀ ಬೋರಲಿಂಗಯ್ಯ, ಒಂದು ದೋಣಿ ಇನ್ನೊಂದಕ್ಕೆ ತಾಗಿತೋ, ಇದೇ ಮೊದಲು ಇದೇ ಕೊನೆ. ಆಮೇಲೆ ನಿಮ್ಮ ಮಗಳು ಅಂತ ನನ್ನ ಹತ್ರ ಬರಬೇಡಿ” ಎಂದು ಸಭೆಯಲ್ಲೇ ಹೇಳಿದರು. ನಾನು ಯಾಕೆ ಹೋಗಲಿ? ನನ್ನ ನಿಯಮ ಇರುವಾಗ ದೋಣಿ ತಾಗುವ ಮಾತೆಲ್ಲಿ ಬಂತು ಎಂದೆ.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಪುಟ್ಟಮ್ಮಣ್ಣಿ ಸಾರು ಬಡಿಸುತ್ತ, “ಈ ಸಲ ನಾನು ಈಚೆ ಕಡೆ ಕೂತ್ಕೋತೀನಿ” ಎಂದಳು.

“ಎಲ್ಲಿ?”

“ದೋಣೀಲಿ. ಕುಮುದನ್ನ ನೋಡ್ಬೇಕು.”

ನನಗೆ ನಗು ಬಂತು. ಕಾರ್ಯದರ್ಶಿಯ ಹೆಂಡತಿ ನಿಯಮ ಮುರಿದರೆ ಊರು ಸುಮ್ಮನಿರುತ್ತದೆಯೇ ಎಂದೆ. ನಾನು ನೋಡಿ ಬಂದು ಎಲ್ಲ ಹೇಳುತ್ತೇನೆ, ಒಂದೂ ಬಿಡುವುದಿಲ್ಲ ಎಂದೂ ಹೇಳಿದೆ. ಅವಳು ಸಾರಿನ ಸೌಟನ್ನು ಪಾತ್ರೆಗೆ ಹಾಕಿ, “ನೀವು ಹೇಳೋದು ಬೇಡ. ಎತ್ತಿ ಆಡ್ಸಿದೋಳು ನಾನು. ನಾನೇ ನೋಡ್ತೀನಿ. ಇಲ್ಲಾ ಅಂದ್ರೆ ಬರೋದೇ ಇಲ್ಲ” ಎಂದಳು.

ಬರುವುದಿಲ್ಲ ಎಂದರೆ ಏನರ್ಥ ಗೊತ್ತೇ? ಸಮಿತಿಯ ದೋಣಿ ನೀರಿಗಿಳಿಯದೆ ಬೇರೆ ಯಾವ ಪ್ರೇಕ್ಷಕರ ದೋಣಿಯೂ ಇಳಿಯಬಾರದು. ಅದು ಒಂದನೆಯ ನಿಯಮ, ಬರೆದವನು ನಾನೇ. ಆಚೆಮುಖಕ್ಕೆ ಬದಲಿ ಹುಡುಕೋಣವೆಂದು ಅವತ್ತೇ ಅಂಗಿ ಹಾಕಿಕೊಂಡು ಹೊರಟೆ. ಊರೆಲ್ಲ ಸುತ್ತಿದೆ. ಹೆಣ್ಣುಮಕ್ಕಳ ಪಂದ್ಯವೆಂದರೆ ಎಲ್ಲರಿಗೂ ಈಚೆಮುಖವೇ ಬೇಕು. ವರ್ಷಗಟ್ಟಲೆ ಬೆನ್ನು ತಿರುಗಿಸಿ ಕೂತವರು ಕೂಡ ಈ ಸಲ ಆಗುವುದಿಲ್ಲ ಎಂದರು. ಈರಭದ್ರಪ್ಪನ ಮನೆಗೆ ಹೋದರೆ, “ಅಣ್ಣಾ, ಬೇರೆಯವರಿಗೆ ಮಾತು ಕೊಟ್ಟಾಗಿದೆ. ಒಂದು ಕಣ್ಣು ನಿಮಗೆ ಒಂದು ಕಣ್ಣು ಅವರಿಗೆ ಕೊಡೋಕಾಗುತ್ತಾ?” ಎಂದ. ಕೊನೆಗೆ ನನ್ನ ನಾದಿನಿಯನ್ನು ಕೂರಿಸಿ ಘಾಟಿನ ಹತ್ತಿರ ಪರೀಕ್ಷೆ ಮಾಡಿದೆ. ನೀರಿನ ಗಾಳಿ ತಾಗಿದ ಮೂರನೇ ನಿಮಿಷಕ್ಕೆ ಅವಳು ಗೊರಕೆ ಹೊಡೆದಳು, ದೋಣಿ ನನ್ನನ್ನು ಎಳೆದುಕೊಂಡು ಹೋಗಿ ಜೊಂಡಿನೊಳಗೆ ತುರುಕಿತು.

ಮೈಯೆಲ್ಲ ಕೆಸರಾಗಿ ಮನೆಗೆ ಬಂದರೆ ನನ್ನ ಮೇಜಿನ ಮೇಲೆ ಒಂದು ಅರ್ಜಿ. ಮುಖ ಬದಲಾವಣೆಗೆ ಸಮಿತಿಯ ಅರ್ಜಿನಮೂನೆ ಇದೆ, ಅದನ್ನೇ ತುಂಬಿಸಿದ್ದಳು. ಅರ್ಜಿದಾರರ ಹೆಸರು, ಪುಟ್ಟಮ್ಮಣ್ಣಿ. ಎಷ್ಟು ವರ್ಷದಿಂದ ಆಚೆಮುಖ, ಮೂವತ್ತೊಂದು. ಮುಖ ಬದಲಾಯಿಸಲು ಕಾರಣ ಎಂಬಲ್ಲಿ, ‘ಮಗಳನ್ನು ನೋಡಬೇಕಾಗಿದೆ’. ಬದಲಿಯಾಗಿ ಆಚೆಮುಖ ಕೂರುವವರ ಹೆಸರು ಎಂಬಲ್ಲಿ ಚೆಂದದ ಅಕ್ಷರದಲ್ಲಿ, ‘ಬೋರಲಿಂಗಯ್ಯ, ಕಾರ್ಯದರ್ಶಿ’.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. “ಏನೇ ಇದು, ಕಾರ್ಯದರ್ಶಿ ಪಂದ್ಯಕ್ಕೆ ಬೆನ್ನು ಹಾಕಿ ಕೂರೋದಾ? ಮೇಲ್ವಿಚಾರಣೆ ಯಾರು ಮಾಡ್ತಾರೆ?” ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ.

“ಮೂವತ್ತೊಂದು ವರ್ಷ ಮೇಲ್ವಿಚಾರಣೆ ಅಂತ ನೀವು ಮಾಡಿದ್ದೇನು, ಸೀಟಿ ಊದಿದ್ದು ತಾನೆ? ಕೊಡಿ ಇಲ್ಲಿ, ನಾನೂ ಊದ್ತೀನಿ.”

“ನನಗೂ ಮಗಳು ಕಣೆ ಅವಳು.”

“ಅಲ್ಲ ಅಂದೋರು ಯಾರು? ಇಷ್ಟು ವರ್ಷ ಯಾರ್ಯಾರ ಮಕ್ಕಳನ್ನೋ ನೋಡಿದೀರಿ. ನಾನು ಒಬ್ಬಳನ್ನ ನೋಡ್ತೀನಿ ಅಂತಿದೀನಿ, ಅಷ್ಟೇ.”

ಜಗಳವಾಡುವುದಾದರೆ ಅವಳ ದನಿ ಏರಬೇಕಿತ್ತು. ಏರಲಿಲ್ಲ. ಒಗ್ಗರಣೆಗೆ ಸಾಸಿವೆ ಹಾಕಿ ಅದು ಸಿಡಿಯುವುದನ್ನೇ ನೋಡುತ್ತ ನಿಂತಳು, ಕಣ್ಣಲ್ಲಿ ನೀರು ತುಂಬಿತ್ತು. ಇಷ್ಟು ವರ್ಷ ಅವಳಿಗೆ ಆಸೆಯಿಲ್ಲ ಎಂದುಕೊಂಡಿದ್ದು ಬರೀ ನನ್ನ ಅನುಕೂಲಕ್ಕೆ ಎಂದು ಅವತ್ತು ನಾಚಿಕೆಯಾಯಿತು. ಅರ್ಜಿಗೆ ಸಹಿ ಹಾಕಿದೆ. ಮಂಜೂರು ಎಂದು ಮೊಹರನ್ನೂ ಒತ್ತಿದೆ.

ಪಂದ್ಯದ ದಿನ ನಾವಿಬ್ಬರೂ ಅದಲುಬದಲಾಗಿ ಕೂತದ್ದನ್ನು ಕಂಡು ದೋಣಿಸಾಲಿನಲ್ಲಿ ಗುಸುಗುಸು ಎದ್ದಿತು. ಎರಡು ದೋಣಿ ನಮ್ಮನ್ನೇ ನೋಡಿ ನಮ್ಮ ಕಡೆ ತೇಲಿಬಂದವು. ಪುಟ್ಟಮ್ಮಣ್ಣಿ ಸೀಟಿ ಊದಿ ಗದರಿಸಿದಳು, ಹಿಂದಕ್ಕೆ ಹೋದವು. ಚೆನ್ನಾಗಿಯೇ ಊದಿದಳು, ಅದನ್ನು ಒಪ್ಪಬೇಕು. ಮೊದಲು ಗಂಡುಹುಡುಗರ ಪಂದ್ಯವಾಯಿತು. ಅವಳು ಅದನ್ನು ಸುಮ್ಮನೆ ನೋಡಿದಳು, ನಾನು ಆಚೆ ದಡವನ್ನು ಸುಮ್ಮನೆ ನೋಡಿದೆ, ದೋಣಿ ನಿಂತಲ್ಲೇ ನಿಂತಿತ್ತು. ಆಚೆ ದಡದಲ್ಲಿ ನೋಡುವಂಥದ್ದೇನಿದೆ ಹೇಳಿ. ಎರಡು ಇಟ್ಟಿಗೆ ಗೂಡು, ಒಂದು ಸಾಲು ಗುಡಿಸಲು, ನೀರಂಚಿನಲ್ಲಿ ಮೂವತ್ತು ನಲವತ್ತು ಜನ. ಕೂಗಿದರೆ ಕೇಳುವಷ್ಟು ದೂರ, ಆದರೆ ನಮ್ಮೂರವರು ಅತ್ತ ಹೋಗುವ ರೂಢಿಯಿಲ್ಲ. ಒಬ್ಬರ ಪರಿಚಯವೂ ನನಗಿರಲಿಲ್ಲ. ಅವರೆಲ್ಲ ಯಾಕೋ ತಲೆ ಬಾಚಿ, ಒಗೆದ ಬಟ್ಟೆಯುಟ್ಟು ಸಾಲಾಗಿ ನಿಂತು ನನ್ನನ್ನೇ ದಿಟ್ಟಿಸುತ್ತಿದ್ದರು. ಪಂದ್ಯ ಅವರಿಗೆ ಕಾಣುವುದಿಲ್ಲ, ನಡುವೆ ನಮ್ಮ ದೋಣಿಸಾಲು ಇದೆ. ಮತ್ತೆ ಇವರೇನು ನೋಡುತ್ತಾರೆ ಎಂದು ನನಗೆ ಅರ್ಥವಾಗಲಿಲ್ಲ.

ಹೆಣ್ಣುಮಕ್ಕಳ ಪಂದ್ಯಕ್ಕೆ ನಗಾರಿ ಬಡಿದರು. ನನ್ನ ಬೆನ್ನ ಹಿಂದೆ ಪುಟ್ಟಮ್ಮಣ್ಣಿ ಎದ್ದು ನಿಂತದ್ದು ದೋಣಿ ಅಲುಗಿದ್ದರಿಂದ ತಿಳಿಯಿತು. “ಬಿಟ್ರು” ಎಂದಳು. ದೋಣಿಯ ಪಕ್ಕಕ್ಕೆ ನೀರು ಬಡಿಯುವ ಸದ್ದು ಕೇಳಿಸತೊಡಗಿತು. ನಿಂತ ದೋಣಿಗೆ ನೀರು ಹಾಗೆ ಬಡಿಯುವುದಿಲ್ಲ. ಎದುರಿನ ಇಟ್ಟಿಗೆ ಗೂಡು ಅಷ್ಟಷ್ಟೇ ಹಿಂದೆ ಸರಿಯುತ್ತಿತ್ತು. ಅಂದರೆ ನಾವು ಪಂದ್ಯದ ದಾರಿಯ ಕಡೆ ಹೋಗುತ್ತಿದ್ದೆವು, ಬೆನ್ನುಮುಂದಾಗಿ ನಾನು, ಮುಖಮುಂದಾಗಿ ಅವಳು.

“ಪುಟ್ಟಮ್ಮಣ್ಣಿ, ಮೆಲ್ಲಗೆ ನೋಡೇ” ಎಂದೆ.

“ಮೆಲ್ಲಗೇ ನೋಡ್ತಿದೀನಿ. ನೀವು ಸರಿಯಾಗಿ ನೋಡಿ.”

ನಾನು ಕಣ್ಣು ಕಿತ್ತುಬರುವ ಹಾಗೆ ಇಟ್ಟಿಗೆ ಗೂಡನ್ನು ದಿಟ್ಟಿಸಿದೆ. ಏನೂ ಉಪಯೋಗವಾಗಲಿಲ್ಲ. ನೋಟದಲ್ಲಿ ಮನಸ್ಸಿಲ್ಲದಿದ್ದರೆ ಎಳೆತ ಹುಟ್ಟುವುದಿಲ್ಲ ಎಂದು ಎಲ್ಲರಿಗೂ ಉಪದೇಶ ಮಾಡುವವನು ನಾನೇ. ನನ್ನ ಮನಸ್ಸೆಲ್ಲ ಬೆನ್ನ ಹಿಂದಿತ್ತು. ಅವಳದೋ, ಇಷ್ಟು ವರ್ಷ ನೋಡದೆ ಉಳಿಸಿಕೊಂಡ ನೋಟವೆಲ್ಲ ಒಟ್ಟಿಗೆ ಬಿಟ್ಟಿದ್ದಳು. ಅದಕ್ಕೆ ನಾನು ಎಲ್ಲಿ ಸಾಟಿ? ಅಷ್ಟರಲ್ಲಿ ಶಾಂತವೀರಪ್ಪನವರ ದನಿ ಮೈಕಿನಲ್ಲಿ ಬಂತು. “ಸಮಿತಿಯ ದೋಣಿ ಹಿಂದೆ ಸರೀಬೇಕು. ಕಾರ್ಯದರ್ಶಿಗಳೇ, ನಿಮಗೇ ಹೇಳ್ತಿರೋದು. ದಾರಿಗೆ ಬಂದ್ರೆ ಪಂದ್ಯ ನಿಲ್ಲಿಸ್ತೀನಿ.” ಇಡೀ ಊರಿಗೆ ಕೇಳಿಸಿತು. ಮೂವತ್ತೊಂದು ವರ್ಷ ಈ ಮಾತನ್ನು ಬೇರೆಯವರಿಗೆ ಹೇಳಿದವನು ನಾನು.

ಪಂದ್ಯ ನಿಲ್ಲಿಸಿದರೆ ಹೆಣ್ಣುಮಕ್ಕಳಿಗೆ ಇನ್ನು ಯಾವತ್ತೂ ದೋಣಿ ಸಿಗುವುದಿಲ್ಲ. ನಿಲ್ಲಿಸದೆ ಇದ್ದರೆ ನಮ್ಮ ದೋಣಿ ಮಗಳ ದೋಣಿಗೇ ಹೋಗಿ ಗುದ್ದುತ್ತದೆ. “ಕಣ್ಣು ಮುಚ್ಚೇ, ಒಂದು ನಿಮಿಷ ಕಣ್ಣು ಮುಚ್ಚು” ಎಂದು ಬೇಡಿಕೊಂಡೆ.

“ಮುಚ್ಚಲ್ಲ. ಈಗ ಬರ್ತಿದಾಳೆ. ಮುಂದೆ ಕೂತಿದಾಳೆ, ಕೆಂಪು ಬಟ್ಟೆ ಕಟ್ಕೊಂಡಿದಾಳೆ ತಲೆಗೆ. ಈಗ ಮುಚ್ಚು ಅಂದ್ರೆ ಹೇಗೆ ಮುಚ್ಚಲಿ?”

ಹೇಗೆ ಮುಚ್ಚುತ್ತಾಳೆ, ನೀವೇ ಹೇಳಿ. ನಾನಾಗಿದ್ದರೂ ಮುಚ್ಚುತ್ತಿರಲಿಲ್ಲ. ಏನಾದರೂ ಹಿಡಿತಕ್ಕೆ ಸಿಗುತ್ತದೆಯೇ ಎಂದು ದಡದುದ್ದಕ್ಕೂ ಕಣ್ಣಾಡಿಸಿದೆ. ಆಗ ಕಂಡಿತು. ಜನರ ಸಾಲಿನ ನಡುವೆ ಒಬ್ಬ ಮುದುಕ ನನ್ನ ಕೋಟು ಹಾಕಿಕೊಂಡು ನಿಂತಿದ್ದ.

ನನ್ನದೇ ಕೋಟು. ಕಂದು ಬಣ್ಣದ ಉಣ್ಣೆಯದು, ಎಡಗಡೆ ಜೇಬಿನ ಮೇಲೆ ಮಸಿ ಚೆಲ್ಲಿದ ಕಲೆ. ನಾಲ್ಕು ವರ್ಷದ ಹಿಂದೆ ಗೂಟದಿಂದ ಮಾಯವಾಗಿತ್ತು. ಅದಕ್ಕಾಗಿ ನಾನು ಅಗಸನ ಮೇಲೆ ಹಾರಾಡಿದ್ದಕ್ಕೆ ಅವನು ನಮ್ಮ ಮನೆಗೆ ಬರುವುದನ್ನೇ ಬಿಟ್ಟಿದ್ದ. ಎಲಾ ಇವನ, ಎಂದು ದಿಟ್ಟಿಸಿದೆ ನೋಡಿ, ದೋಣಿ ಗಕ್ಕನೆ ನಿಂತಿತು. ನಿಂತದ್ದು ಮಾತ್ರವಲ್ಲ, ಕೋಟಿನ ಕಡೆ ಜಗ್ಗಿಕೊಂಡು ಹೊರಟೇಬಿಟ್ಟಿತು.

“ರೀ, ಅಷ್ಟು ಜೋರಾಗಿ ನೋಡ್ಬೇಡಿ, ನನಗೆ ಅವಳು ಕಾಣ್ತಾ ಇಲ್ಲ” ಎಂದಳು ಪುಟ್ಟಮ್ಮಣ್ಣಿ.

“ನನ್ನ ಕೋಟು ಕಣೆ ಅದು. ಅಲ್ಲೊಬ್ಬ ಮುದುಕ ಹಾಕ್ಕೊಂಡಿದಾನೆ.”

“ದ್ಯಾವಣ್ಣ. ನಾನೇ ಕೊಟ್ಟಿದ್ದು. ಗೂಡಿನ ಗೋಡೆ ಕುಸಿದು ಕಾಲು ಮುರ್ಕೊಂಡು ಮಲಗಿದ್ದ, ಚಳೀಲಿ ನಡುಗ್ತಿದ್ದ. ಕೋಲಿಲ್ದೆ ನಿಂತಿದಾನಾ ನೋಡಿ.”

ನೋಡಿದೆ. ಕೋಲಿರಲಿಲ್ಲ. ನಾನು ನೋಡುತ್ತಿರುವುದು ಕಂಡು ಆ ಮುದುಕ ಪಂಚೆ ಎತ್ತಿ ಕಾಲು ತೋರಿಸಿದ, ಆಮೇಲೆ ಅತ್ತಿಂದಿತ್ತ ನಾಲ್ಕು ಹೆಜ್ಜೆ ನಡೆದು ತೋರಿಸಿದ. “ನಡೀತಾ ಇದಾನೆ. ಸ್ವಲ್ಪ ಕುಂಟು” ಎಂದೆ. “ಸದ್ಯ” ಎಂದಳು ಅವಳು, ತಿರುಗದೆ. ಕೋಟಿನ ಮೇಲಿನ ಸಿಟ್ಟು ಇಳಿದಂತೆ ದೋಣಿ ಮತ್ತೆ ಪಂದ್ಯದ ಕಡೆ ಜಾರತೊಡಗಿತು. “ಇನ್ನೊಬ್ಬರನ್ನ ಹೇಳೇ, ಬೇಗ” ಎಂದೆ.

“ನೀಲಿ ಸೆರಗಿನೋಳು ಇದಾಳಾ? ಹೊಂಬಾಳಮ್ಮ ಅಂತ. ಹೋದ ಸಲ ಅವಳ ಗಂಡ ತೀರ್ಕೊಂಡು ಹದಿನೈದು ದಿನ ಆಗಿತ್ತು, ದಡಕ್ಕೆ ಬಂದಿರ್ಲಿಲ್ಲ. ಈ ಸಲ ಬಂದಿದಾಳಾ?”

ಬಂದಿದ್ದಳು. ಎಲ್ಲರಿಗಿಂತ ಹಿಂದೆ, ಬೇಲಿಯ ಗೂಟ ಹಿಡಿದುಕೊಂಡು ನಿಂತಿದ್ದಳು. ಪುಟ್ಟಮ್ಮಣ್ಣಿ ಇರಬೇಕಾದಲ್ಲಿ ಒಬ್ಬ ಗಂಡಸು ಕೂತಿದ್ದಾನಲ್ಲ ಎಂದು ನನ್ನನ್ನು ಅನುಮಾನದಿಂದ ನೋಡುತ್ತಿದ್ದಳು. ನನಗೆ ಏನು ಮಾಡಬೇಕೆಂದು ತೋಚದೆ ಕೈಯೆತ್ತಿದೆ. ಅವಳೂ ಮೆಲ್ಲಗೆ ಕೈಯೆತ್ತಿದಳು. ಅವಳು ಇಳಿಸುವ ತನಕ ನಾನೂ ಕೈ ಇಳಿಸಲಿಲ್ಲ. ದೋಣಿ ನಿಂತಿತು.

ಅಷ್ಟು ಹೊತ್ತಿಗೆ ನನಗೆ ನಾಲ್ಕನೆಯ ನಿಯಮ ನೆನಪಾಯಿತು. ‘ನೋಡಿಕೊಳ್ಳತಕ್ಕದ್ದು.’ ತೂಕಕ್ಕೆಂದು ನಾನು ತುರುಕಿದ ಆ ಮಾತನ್ನು ನನ್ನ ಹೆಂಡತಿ ನಿಜವೆಂದೇ ತಿಳಿದು, ಮೂವತ್ತೊಂದು ವರ್ಷ ಆಚೆ ದಡವನ್ನು ನೋಡಿಕೊಂಡಿದ್ದಳು. ಮಕ್ಕಳನ್ನು ನೋಡಿಕೊಳ್ಳುವ ಹಾಗೆ, ಅತ್ತೆಮಾವನನ್ನು ನೋಡಿಕೊಂಡ ಹಾಗೆ. ಇವಳೊಬ್ಬಳೇ ಅಲ್ಲ, ಆಮೇಲೆ ವಿಚಾರಿಸಿದರೆ ಆಚೆಮುಖದ ಹೆಂಗಸರೆಲ್ಲ ಅದೇ ಮಾಡಿಕೊಂಡಿದ್ದರು. ತಲೆಗಿಷ್ಟು ಗುಡಿಸಲು ಎಂದು ಹಂಚಿಕೊಂಡು, ಪಂದ್ಯ ಮುಗಿದು ಗಂಡಸರು ಗೆದ್ದವರನ್ನು ಮೆರೆಸುವ ಹೊತ್ತಿನಲ್ಲಿ ದಾಟಿ ಹೋಗಿ ಬೇಕಾದ್ದು ಕೊಟ್ಟು ಬರುತ್ತಿದ್ದರಂತೆ. ಊರಿನ ಮನೆಗಳಿಂದ ಕಂಬಳಿ, ಕೊಡೆ, ಉಪ್ಪಿನಕಾಯಿ ಜಾಡಿ ಮಾಯವಾಗುತ್ತಿದ್ದುದಕ್ಕೆ ನಾವು ಗಂಡಸರು ಕಳ್ಳರ ಕಾಟ ಎಂದು ಸಭೆ ಕರೆದಿದ್ದೆವು. ಆ ಸಭೆಗೆ ನಾನೇ ಅಧ್ಯಕ್ಷನಾಗಬೇಕೆಂದು ಎಲ್ಲರೂ ಒತ್ತಾಯ ಮಾಡಿದ್ದರು.

ಹಿಂದೆ ಕೂಗು ಜೋರಾಯಿತು. ಹುಟ್ಟಿನ ಸದ್ದು ನನ್ನ ಬೆನ್ನಿಗೇ ಕೇಳಿಸುತ್ತಿತ್ತು, ಮಗಳ ದನಿಯೂ ಕೇಳಿಸಿತು, “ಎಳೀರೇ, ಎಳೀರೇ” ಎಂದು. ಕತ್ತು ತಾನಾಗಿ ತಿರುಗಹೊರಟಿತು. ಎರಡು ಕೈಯಲ್ಲಿ ಕೆನ್ನೆ ಹಿಡಿದುಕೊಂಡೆ, ತಿರುಗಲು ಬಿಡಲಿಲ್ಲ. “ಇನ್ನೊಬ್ಬರು, ಇನ್ನೊಬ್ಬರು ಹೇಳೇ” ಎಂದೆ.

“ಚಿಕ್ಕ ವಯಸ್ಸಿನೋಳು ಒಬ್ಬಳು ಹೋದ ಸಲ ಬಸುರಿ ಇದ್ಲು, ಮೂಗುತಿಯೋಳು. ಮಗು ಆಗಿದ್ಯಾ? ಏನು ಮಗು ಕೇಳಿ.”

ಮೂಗುತಿಯವಳು ಮುಂದೆಯೇ ನಿಂತಿದ್ದಳು, ಕಂಕುಳಲ್ಲಿ ಮಗು. ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು. ನಾನು ಬಾಯಿಗೆ ಕೈ ಅಡ್ಡ ಹಿಡಿದು, “ಏನು ಮಗೂ?” ಎಂದು ಕೂಗಿದೆ. ಅವಳು ಮಗುವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, “ಹೆಣ್ಣೂ” ಎಂದಳು. “ಹೆಸರೂ?” ಎಂದೆ. ನೀರಿನ ಮೇಲೆ ದನಿ ತೆಳ್ಳಗೆ ಬಂತು. “ಪುಟ್ಟಮ್ಮಣ್ಣೀ.”

“ಏನಂತೆ?” ಎಂದಳು ನನ್ನ ಹೆಂಡತಿ. ಈಚೆ ಗದ್ದಲದಲ್ಲಿ ಅವಳಿಗೆ ಕೇಳಿಸಿರಲಿಲ್ಲ. ಹೇಳಿದರೆ ಅವಳು ತಿರುಗಿಬಿಡುತ್ತಾಳೆ. ತಿರುಗಿದರೆ ಕುಮುದ ದಾಟಿ ಹೋಗುತ್ತಾಳೆ. ಇಷ್ಟು ವರ್ಷ ಕಾದದ್ದು ಅಷ್ಟಕ್ಕೇ ಮುಗಿದುಹೋಗುತ್ತದೆ.

“ಹೆಣ್ಣಂತೆ. ದುಂಡುದುಂಡಾಗಿದೆ. ನೀನು ಅತ್ತ ನೋಡು” ಎಂದೆ.

ಮಗುವನ್ನೇ ನೋಡಿದೆ. ಅದು ಬಾಯಲ್ಲಿ ಇಡೀ ಮುಷ್ಟಿ ತುರುಕಿಕೊಂಡು ನನ್ನನ್ನು ನೋಡಿತು. ಅದರ ಹೆಸರು ಪುಟ್ಟಮ್ಮಣ್ಣಿ ಎಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ನನ್ನ ಬೆನ್ನ ಹಿಂದೆ ದೋಣಿಗಳು ದಾಟಿ ಹೋದವು, ಅವುಗಳ ಅಲೆ ಬಂದು ನಮ್ಮ ದೋಣಿಯನ್ನು ಎತ್ತಿ ಇಳಿಸಿತು. ದೋಣಿ ಮಾತ್ರ ನಿಂತ ಜಾಗ ಬಿಟ್ಟು ಒಂದು ಗೇಣೂ ಕದಲಲಿಲ್ಲ. ಪುಟ್ಟಮ್ಮಣ್ಣಿ ಮಗಳ ಹೆಸರು ಹಿಡಿದು ಒಂದು ಸಲ ಕೂಗಿದಳು. ಆಮೇಲೆ ನಗಾರಿ, ಆಮೇಲೆ ಚಪ್ಪಾಳೆ.

ಅವಳು ಕೂತುಕೊಂಡ ಮೇಲೆ ಮಗುವಿನ ಹೆಸರು ಹೇಳಿದೆ. ಅವಳು ತಿರುಗಿ, ದಡದ ಕಡೆ ನೋಡಿ, ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಈಗ ಇಬ್ಬರೂ ಅತ್ತಲೇ ನೋಡುತ್ತಿದ್ದೆವಾದ್ದರಿಂದ ದೋಣಿ ಸೀದಾ ಆಚೆ ದಡಕ್ಕೆ ಹೋಗಿ ಮರಳಿಗೆ ತಾಗಿತು. ಅಧ್ಯಕ್ಷರು ಮೈಕಿನಲ್ಲಿ ಏನೋ ಕೂಗುತ್ತಿದ್ದರು, ನಾವು ಕೇಳಿಸಿಕೊಳ್ಳಲಿಲ್ಲ. ದ್ಯಾವಣ್ಣ ಕೋಟು ಬಿಚ್ಚಿ ಕೊಡಲು ಬಂದ. ಇರಲಿ ಇಟ್ಟುಕೊಳ್ಳಿ ಎಂದೆ, ಹೊಟ್ಟೆ ಉರಿಯುತ್ತಿದ್ದರೂ ಹಾಗೆಂದೆ.

ನಾವು ನಮ್ಮ ಘಾಟಿಗೆ ಬರುವಷ್ಟರಲ್ಲಿ ಜನ ಕರಗಿದ್ದರು. ಕುಮುದ ಮೆಟ್ಟಿಲ ಮೇಲೆ ಕೂತು ಕೂದಲು ಹಿಂಡಿಕೊಳ್ಳುತ್ತಿದ್ದಳು. ಅವರ ದೋಣಿ ನಾಲ್ಕರಲ್ಲಿ ಮೂರನೆಯದಾಗಿ ಬಂದಿತ್ತು. ಆದರೆ ಯಾವ ದೋಣಿಯೂ ಯಾವುದಕ್ಕೂ ತಾಗಿರಲಿಲ್ಲ. ಮುಂದಿನ ವರ್ಷವೂ ಹೆಣ್ಣುಮಕ್ಕಳ ಪಂದ್ಯ ಇಡದೆ ಶಾಂತವೀರಪ್ಪನವರಿಗೆ ಬೇರೆ ದಾರಿಯಿರಲಿಲ್ಲ. ಅವಳು ಅಮ್ಮನ ಕಡೆ ನೋಡಿ, “ನೋಡಿದ್ಯಾಮ್ಮ?” ಎಂದಳು.

“ನೋಡಿದೆ” ಎಂದಳು ಪುಟ್ಟಮ್ಮಣ್ಣಿ. “ಮೊದಲಿಂದ ಕೊನೇ ತನಕ. ರೆಪ್ಪೆ ಬಡೀಲಿಲ್ಲ.”

ಕುಮುದ ನನ್ನ ಕಡೆ ತಿರುಗಿದಳು. “ನಾನು ನೋಡ್ಲಿಲ್ಲಮ್ಮ. ಒಂದು ಸಲವೂ ತಿರುಗಲಿಲ್ಲ” ಎಂದೆ.

“ಗೊತ್ತು ಅಪ್ಪ” ಎಂದಳು. “ಹೊಳೆ ಬಾಗೋ ಹತ್ರ ನಾವೇ ಮುಂದಿದ್ವಿ. ನೀವು ಹೇಗೆ ಕೂತಿದೀರೋ ಅಂತ ಒಂದು ಸಲ ನಿಮ್ಮ ಕಡೆ ನೋಡಿಬಿಟ್ಟೆ. ನಮ್ಮ ದೋಣಿ ವಾಲ್ಕೊಂಡು ನಿಮ್ಮ ಮೇಲೇ ಬಂತು. ಮೂರು ಮೊಳ ದೂರ ಇತ್ತು ಅಷ್ಟೇ. ನೀವೂ ತಿರುಗಿದ್ದಿದ್ರೆ ಅಲ್ಲೇ ಮುಗೀತಿತ್ತು. ನಿಮ್ಮ ಬೆನ್ನು ಅಲ್ಲಾಡ್ಲೇ ಇಲ್ಲ. ಅದನ್ನ ನೋಡಿ ನಾನು ಕಣ್ಣು ಕಿತ್ತು ಕಂಬದ ಕಡೆ ಇಟ್ಟೆ.”

ನೋಡಬಾರದ ಕಡೆ ನೋಡಬೇಡಿ ಎಂದು ಊರಿಗೆಲ್ಲ ನಿಯಮ ಬರೆದುಕೊಟ್ಟವನ ಮಗಳು, ಅಪ್ಪನನ್ನು ನೋಡಿ ಗೆಲ್ಲುವ ಪಂದ್ಯ ಸೋತು ಬಂದಿದ್ದಳು. ಕುಮುದ ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ಮೆಟ್ಟಿಲ ಮೇಲೆ ಕೂತು ಅವಳ ಮುಖವನ್ನೇ ನೋಡಿದೆ. ದಡದ ಮೇಲೆ ಎಷ್ಟು ನೋಡಿದರೂ ಯಾರೂ ಎಲ್ಲಿಗೂ ಹೋಗುವುದಿಲ್ಲ. ಕತ್ತಲಾಗುವ ತನಕ ನೋಡಿದೆ.